ಎಲೆ ಅಡಿಕೆ ಜಗಿಯುವಷ್ಟು ಹೊತ್ತು

ಹೋದ ತಿಂಗಳು ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಹೊಸ ರೌಟರ್ ಕೂರಿಸುವುದನ್ನು ನೋಡಲು ಹೋಗಿದ್ದೆ. ನೋಡುವುದು ಅಂದರೆ ಹೆಸರಿಗೆ. ಕೆಲಸ ಮಾಡುತ್ತಿದ್ದವಳು ನನ್ನ ಕೈಕೆಳಗಿನ ಇಂಜಿನಿಯರ್, ಚುರುಕು ಹುಡುಗಿ. ಕೀಬೋರ್ಡ್ ಕುಟ್ಟುತ್ತಲೇ ಹೇಳಿದಳು, "ಮೇಡಂ, ಇದರಲ್ಲಿ ಒಂದು ಒಳ್ಳೇ ಅನುಕೂಲ ಇದೆ. ನಾವೇನಾದರೂ ಬದಲಾಯಿಸಿ ಹತ್ತು ನಿಮಿಷದೊಳಗೆ 'ಸರಿಯಾಗಿದೆ' ಅಂತ ಒಪ್ಪಿಗೆ ಕೊಡದಿದ್ದರೆ, ತಾನಾಗೇ ಹಳೇ ಸ್ಥಿತಿಗೆ ವಾಪಸ್ ಹೋಗಿಬಿಡುತ್ತೆ. ಯಾರ ತಪ್ಪಿಗೂ ಯಾರೂ ಬೈಸಿಕೊಳ್ಳಬೇಕಾಗಿಲ್ಲ."

ಕೊನೆಯ ಮಾತನ್ನು ಆಕೆ ಸುಮ್ಮನೆ ಹೇಳಿದ್ದು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಎದ್ದು ವರಾಂಡಕ್ಕೆ ಬಂದು ಕಂಬ ಹಿಡಿದುಕೊಂಡು ನಿಂತೆ. ಪಾಪ, ತಾನೇನೋ ತಪ್ಪಾಡಿದೆ ಅಂದುಕೊಂಡು ಆ ಹುಡುಗಿ ಹಿಂದೆಯೇ ಬಂದು ಟೀ ತರಿಸಲಾ ಎಂದು ಕೇಳಿದಳು. ಅವಳ ಮೇಲೆ ಸಿಟ್ಟಲ್ಲ ಎಂದು ಹೇಳಿದೆ. ಯಾರ ಮೇಲೆ ಎಂದು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಚಾಮರಾಜನಗರ ಹೊಸದಾಗಿ ಜಿಲ್ಲೆಯಾದ ಮರುವರ್ಷ ನನಗೆ ಅಲ್ಲಿ ಕೆಲಸ ಸಿಕ್ಕಿತು. ಕಚೇರಿಯ ಹೆಸರು ಬೇಡ, ಸರ್ಕಾರದ್ದೇ ಒಂದು ಬಾಲ ಎಂದು ತಿಳಿದುಕೊಂಡರೆ ಸಾಕು. ಕುದೇರಿನ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕಬ್ಬಿಣದ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಕುರ್ಚಿಗಳ ಬೆನ್ನ ಮೇಲೆ 'ಮೈಸೂರು ಜಿಲ್ಲೆ' ಎಂದು ಬರೆದದ್ದಕ್ಕೆ ಅಡ್ಡಗೆರೆ ಎಳೆದು ಕೆಳಗೆ 'ಚಾಮರಾಜನಗರ' ಎಂದು ಹಳದಿ ಬಣ್ಣದಲ್ಲಿ ಬರೆದಿದ್ದರು. ನಮ್ಮ ಕೆಲಸವೂ ಅದೇ ಆಗಿತ್ತು. ತಾಲ್ಲೂಕುಗಳ ಕಂಪ್ಯೂಟರ್‌ಗಳು ಆವರೆಗೆ ಮಳೆಯ ಲೆಕ್ಕವನ್ನೂ ವೃದ್ಧಾಪ್ಯ ವೇತನದ ಪಟ್ಟಿಗಳನ್ನೂ ಮೈಸೂರಿಗೆ ಕಳಿಸುತ್ತಿದ್ದವು. ಅವು ಇನ್ನು ಮುಂದೆ ಚಾಮರಾಜನಗರಕ್ಕೆ ಬರಬೇಕು. ಯಾವ ಮಾಹಿತಿ ಯಾವ ದಾರಿ ಹಿಡಿಯಬೇಕು ಎಂದು ತೋರಿಸುವ ಯಂತ್ರವೇ ರೌಟರ್. ನಮ್ಮ ಬಾಯಲ್ಲಿ ಅದು ಬರೀ 'ಪೆಟ್ಟಿಗೆ'. ಒಂದೊಂದು ಪೆಟ್ಟಿಗೆಗೂ ಮೈಸೂರಿನ ದಾರಿ ಮರೆಸಿ ನಮ್ಮ ದಾರಿ ಹೇಳಿಕೊಡಬೇಕಿತ್ತು.

ಇದರಲ್ಲಿರುವ ತೊಡಕು ಏನೆಂದರೆ, ಗುಂಡ್ಲುಪೇಟೆಯ ಪೆಟ್ಟಿಗೆಗೆ ನಾನು ಚಾಮರಾಜನಗರದಲ್ಲಿ ಕೂತು ತಂತಿಯ ಮೇಲೇ ಹೇಳಿಕೊಡಬೇಕು. ಹೇಳಿಕೊಡುವಾಗ ಒಂದು ಅಂಕಿ ತಪ್ಪಿದರೆ, ನಾನು ಯಾವ ದಾರಿಯಲ್ಲಿ ಅದನ್ನು ಮಾತಾಡಿಸುತ್ತಿದ್ದೆನೋ ಆ ದಾರಿಯೇ ಮುಚ್ಚಿಹೋಗುತ್ತದೆ. ಕೂತ ಕೊಂಬೆಯನ್ನೇ ಕಡಿದುಕೊಳ್ಳುವ ಕೆಲಸ. ಮೊದಲ ವಾರವೇ ನಾನು ಕಡಿದುಕೊಂಡೆ.

ಆವತ್ತು ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದೆ. ಪೆಟ್ಟಿಗೆ ಇದ್ದ ಕೋಣೆಯಲ್ಲಿ ಒಬ್ಬ ಹೆಂಗಸು ನೆಲ ಒರೆಸುತ್ತಿದ್ದರು. ನಲವತ್ತು ದಾಟಿದ ವಯಸ್ಸು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಬಾಯಲ್ಲಿ ಎಲೆ ಅಡಿಕೆ. ನಾನು ಗೋಡೆಯ ಸ್ವಿಚ್ಚು ಆರಿಸಿ, ಇಪ್ಪತ್ತು ಎಣಿಸಿ, ಮತ್ತೆ ಹಾಕಿದೆ. ಪೆಟ್ಟಿಗೆ ದೀಪ ಮಿಟುಕಿಸಿ ಹಳೆಯ ದಾರಿಗೆ ಬಂತು. ಒರೆಸುವ ಬಟ್ಟೆ ಹಿಂಡುತ್ತಾ ಆಕೆ ಎಲ್ಲವನ್ನೂ ನೋಡಿದರು.

"ಈಟಕ್ಕೆ ಚಾಮ್ರಾಜ್ನಗರದಿಂದ ಬಂದ್ರಾ ಮೇಡಮ್ಮೋರೆ? ನಂಗೇ ಒಂದ್ ಮಾತು ಫೋನಲ್ಲಿ ಯೋಳಿದ್ರೆ ನಾನೇ ಮಾಡ್ಬುಡ್ತಿದ್ನಲ್ಲ!"

ಹೀಗೆ ಮಾದೇವಮ್ಮನ ಪರಿಚಯವಾಯಿತು. ಬಂಡೀಪುರದ ಕಾಡಂಚಿನ ಹಂಗಳದವರು. ಒಂಬತ್ತು ವರ್ಷದಿಂದ ಆ ಕಚೇರಿಯಲ್ಲಿ ದಿನಗೂಲಿ. ಬಾಗಿಲು ತೆಗೆಯುವುದು, ಗುಡಿಸುವುದು, ನೀರು ಹಿಡಿಯುವುದು ಎಲ್ಲ ಅವರದೇ. ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದರು. ಕೆಲವು ದಿನ ತಡವಾದರೆ "ಆನೆ ಅಡ್ಡ ನಿಂತಿತ್ತು ಸ್ವಾಮಿ" ಎನ್ನುತ್ತಿದ್ದರು. ಕಚೇರಿಯವರು ನಗುತ್ತಿದ್ದರು. ಆನೆ ನಿಜವಾಗಿಯೂ ನಿಂತಿರುತ್ತಿತ್ತು.

ಅವರಿಗೆ ನಾನು ಪೆಟ್ಟಿಗೆಯ ಗುಣ ವಿವರಿಸಿದೆ. ಅದಕ್ಕೆ ಎರಡು ನೆನಪು. ಈಗ ಹೇಳಿದ್ದು ಬಾಯಿಮಾತು, ಕರೆಂಟು ಇರುವ ತನಕ ಅದರಂತೆ ನಡೆಯುತ್ತದೆ. 'ಬರೆದಿಡು' ಎಂದು ಬೇರೆ ಅಪ್ಪಣೆ ಕೊಟ್ಟರೆ ಮಾತ್ರ ಅದು ಒಳಗೆ ಬರೆದಿಟ್ಟುಕೊಳ್ಳುತ್ತದೆ. ಆರಿಸಿ ಹಾಕಿದರೆ ಬಾಯಿಮಾತೆಲ್ಲ ಮರೆತು, ಬರೆದಿಟ್ಟದ್ದನ್ನು ಓದಿಕೊಂಡು ಏಳುತ್ತದೆ. ಆದ್ದರಿಂದ ಮೊದಲು ಬಾಯಲ್ಲಿ ಹೇಳಿ ನೋಡಬೇಕು, ಸರಿಯಾದರೆ ಆಮೇಲೆ ಬರೆಸಬೇಕು.

"ಅಂದ್ರೆ ಬಾಯಲ್ಲಿ ಒಪ್ಕಂಡದ್ದೆಲ್ಲಾ ಮಲಗೆದ್ರೆ ಮರ್ತೋಯ್ತದೆ ಅನ್ನಿ. ನಮ್ಮೂರ್ ಪಂಚಾಯ್ತಿ ಮೆಂಬ್ರು ಇದ್ದಂಗೆ," ಎಂದರು ಮಾದೇವಮ್ಮ. ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ ನಾನು ಅಷ್ಟು ಚೆನ್ನಾಗಿ ತಿಳಿದುಕೊಂಡಿರಲಿಲ್ಲ.

ಆಮೇಲೆ ನಾವಿಬ್ಬರೂ ಸೇರಿ ಒಂದು ಪದ್ಧತಿ ಮಾಡಿಕೊಂಡೆವು. ಬದಲಾವಣೆಗೆ ಮುಂಚೆ ನಾನು ಫೋನ್ ಮಾಡಿ "ಶುರು ಮಾಡ್ತೀನಿ" ಎನ್ನುವುದು. ಅವರು ಎಲೆಗೆ ಸುಣ್ಣ ಹಚ್ಚಿ ಅಡಿಕೆ ಇಟ್ಟು ಬಾಯಿಗೆ ಹಾಕಿಕೊಳ್ಳುವುದು. ಜಗಿದು ಉಗಿಯುವುದರೊಳಗೆ ನನ್ನ ಫೋನ್ ಬಂದರೆ ಎಲ್ಲ ಕ್ಷೇಮ. ಬಾರದಿದ್ದರೆ ಸ್ವಿಚ್ಚು ಆರಿಸಿ, ಇಪ್ಪತ್ತು ಎಣಿಸಿ, ಹಾಕುವುದು. ಕೋಣೆಯ ಗಡಿಯಾರ ಎಂದೋ ನಿಂತಿತ್ತು, ಆದರೆ ಮಾದೇವಮ್ಮನ ಎಲೆ ಅಡಿಕೆ ಹತ್ತು ನಿಮಿಷಕ್ಕೆ ಒಂದು ನಿಮಿಷ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೆಟ್ಟರೆ ಫೋನ್ ಮಾಡುತ್ತೇನೆ ಎಂದು ನಾವು ಇಟ್ಟುಕೊಳ್ಳಲಿಲ್ಲ. ಮಳೆ ಬಂದರೆ ಫೋನೂ ಸಾಯುತ್ತಿತ್ತು. ಅದಕ್ಕೇ ಸದ್ದಿಲ್ಲದಿದ್ದರೆ ಹಿಂದಕ್ಕೆ ಹೋಗು ಎಂಬುದೇ ಕಟ್ಟಳೆ. ಪೆಟ್ಟಿಗೆಯೇ ತಾನಾಗಿ ಹೀಗೆ ಮಾಡುವ ಉಪಾಯ ಆಗ ನಮ್ಮ ಹಳೇ ಯಂತ್ರದಲ್ಲಿ ಇತ್ತೋ ಇಲ್ಲವೋ, ಇದ್ದರೂ ನನಗೆ ಗೊತ್ತಿರಲಿಲ್ಲ.

ಹತ್ತು ನಿಮಿಷವೇ ಯಾಕೆ ಎಂಬುದಕ್ಕೂ ಕಾರಣವಿದೆ. ದಾರಿಯನ್ನು ತಪ್ಪಾಗಿ ಹೇಳಿದರೂ ಅದು ತಕ್ಷಣ ಕೆಡುವುದಿಲ್ಲ. ನಡುವಿನ ಪೆಟ್ಟಿಗೆಗಳು ಹಳೆಯ ದಾರಿಯನ್ನು ಮೂರು ನಾಲ್ಕು ನಿಮಿಷ ನೆನಪಿಟ್ಟುಕೊಂಡಿರುತ್ತವೆ. ಆ ಹೊತ್ತಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅವು ಮರೆತ ಮೇಲೆಯೇ ನಿಜ ತಿಳಿಯುವುದು. ಅಷ್ಟು ಹೊತ್ತು ಕೈ ಕಟ್ಟಿ ಕೂರಬೇಕು, ಬರೆದಿಡಲು ಆತುರ ಪಡಬಾರದು. ಆ ಮಳೆಗಾಲದಲ್ಲಿ ನಾನು ಎರಡು ಸಲ ಎಡವಿದೆ. ಎರಡು ಸಲವೂ ಮಾದೇವಮ್ಮ ಎಲೆ ಉಗಿದು ಬಂದು ನನ್ನ ಮಾನ ಉಳಿಸಿದರು.

ಇನ್ನು ನಮ್ಮ ಸಾಹೇಬರ ವಿಷಯ. ರಾಜಶೇಖರಯ್ಯ ಎಂದು ಕರೆಯೋಣ. ಇಪ್ಪತ್ತು ವರ್ಷ ಕಡತಗಳ ನಡುವೆ ಬೆಳೆದವರು. ಯಂತ್ರವೂ ಒಂದು ಕಡತ ಎಂದೇ ಅವರ ನಂಬಿಕೆ. ಒಂದು ದಿನ ನಾನು ಫೋನಿನಲ್ಲಿ "ಎಲೆ ಹಾಕ್ಕೊಳಿ ಮಾದೇವಮ್ಮ" ಎನ್ನುವುದನ್ನು ಕೇಳಿಸಿಕೊಂಡು ವಿಚಾರಿಸಿದರು. ಹೇಳಿದೆ. ಅವರ ಮುಖ ಕೆಂಪಾಯಿತು.

"ಆಫೀಸರು ಮಾಡಿದ ಕೆಲಸಾನ ಕಸ ಗುಡಿಸೋಳು ಆರಿಸಿ ಹಾಕೋದಾ? ಏನ್ರೀ ಇದು, ಮಕ್ಕಳಾಟವಾ?"

"ಆರಿಸಿದರೆ ಮಾತ್ರ ಸರ್ ಹಳೇದು ವಾಪಸ್ ಬರೋದು."

"ವಾಪಸ್ ಯಾಕೆ ಬರಬೇಕು? ಸರಿಯಾಗಿ ಮಾಡಿ, ಆಗಿಂದಾಗಲೇ ಬರೆದಿಡಿ. ಬರೆದಿಡದ ಕೆಲಸ ಕೆಲಸಾನೇ ಅಲ್ಲ ಕಣ್ರೀ."

ಮಾರನೆಯ ದಿನವೇ ಒಂದು ರಿಜಿಸ್ಟರು ಬಂತು. ಕೊನೆಯ ಕಾಲಂ, 'ಬದಲಾವಣೆಯನ್ನು ಕೂಡಲೇ ಬರೆದಿಡಲಾಗಿದೆಯೇ? ಹೌದು/ಇಲ್ಲ'. ನಾನು ಎಲ್ಲದಕ್ಕೂ 'ಹೌದು' ಎಂದು ಬರೆದು, ನನ್ನ ಪದ್ಧತಿಯನ್ನೇ ಕದ್ದುಮುಚ್ಚಿ ನಡೆಸಿದೆ. ಜಾಣತನ ಎಂದುಕೊಂಡಿದ್ದೆ. ಅದು ಹೇಡಿತನ. ಮಾದೇವಮ್ಮನಿಗೆ ಸ್ವಿಚ್ಚು ಮುಟ್ಟುವ ಅಧಿಕಾರ ನಾನು ಕೊಟ್ಟದ್ದು ಎಂದು ಒಂದು ಚೀಟಿ ಬರೆದು ಕಡತಕ್ಕೆ ಸೇರಿಸಿದ್ದರೆ ಸಾಕಿತ್ತು. ಸಾಹೇಬರ ಕೋಪಕ್ಕೆ ಹೆದರಿ ಸೇರಿಸಲಿಲ್ಲ.

ಅದೇ ವರ್ಷ ಹತ್ತು ವರ್ಷದ ಹತ್ತಿರ ಬಂದ ದಿನಗೂಲಿಗಳನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ಮಾದೇವಮ್ಮನ ಹೆಸರು ಅದರಲ್ಲಿತ್ತು. ಹೋದಾಗಲೆಲ್ಲ ಕೇಳುತ್ತಿದ್ದರು, "ನನ್ನೆಸ್ರು ಪಟ್ಟೀಲಿ ಅಂಗೇ ಅದಾ ಮೇಡಮ್ಮೋರೆ? ಯಾರೂ ಅಳ್ಸಿಲ್ಲ ತಾನೆ?" ಅಳಿಸಲು ಯಾರಿಗೆ ಏನು ಕೆಲಸ ಎಂದು ನಾನು ನಗುತ್ತಿದ್ದೆ.

ಆಯುಧಪೂಜೆ ಕಳೆದ ವಾರ. ಗುಂಡ್ಲುಪೇಟೆಗೆ ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಹೊಸ ಜಿಲ್ಲೆಯ ಜಾಲ ಹೇಗಿದೆ ನೋಡುತ್ತಾರಂತೆ. ಹಿಂದಿನ ದಿನ ಮಧ್ಯಾಹ್ನ ಸಾಹೇಬರಿಗೆ ಉತ್ಸಾಹ ಬಂತು. ಮೈಸೂರಿನ ದಾರಿಯನ್ನು ಆವತ್ತೇ ಪೂರಾ ಬಿಡಿಸಿಬಿಡಬೇಕು, ತಾವೇ ಬಿಡಿಸಬೇಕು. ಆಕಾಶ ಕಪ್ಪಗಿತ್ತು. ಇವತ್ತು ಬೇಡ ಎಂದೆ. ಕೇಳಲಿಲ್ಲ. ನಾನು ಒಳಕೋಣೆಗೆ ಹೋಗಿ ಮಾದೇವಮ್ಮನಿಗೆ ಫೋನ್ ಮಾಡಿದೆ.

"ಇವತ್ತು ಸಾಹೇಬರೇ ಮಾಡ್ತಾರೆ."

"ಸಾಯೇಬ್ರು ಮಾಡುದ್ರೂ ಅಂಗೇ ತಾನೆ? ನಿಮ್ ಫೋನ್ ಬರ್ನಿಲ್ಲ ಅಂದ್ರೆ ಆರ್ಸೋದು ತಾನೆ?"

"ಹೌದು, ಹಂಗೇ," ಎಂದೆ. ಇದನ್ನು ಹೇಳಿದವಳು ನಾನು, ನನ್ನ ಬಾಯಿಂದಲೇ ಹೇಳಿದ್ದು.

ಸಾಹೇಬರು ಎರಡು ಬೆರಳಿನಲ್ಲಿ ಕುಟ್ಟಿದರು. ಒಂದು ಅಂಕಿ ತಪ್ಪಿತು, ಅದು ಆಗ ನನಗೂ ಕಾಣಲಿಲ್ಲ. ಎರಡೇ ನಿಮಿಷ ನೋಡಿದರು. ಪರದೆ ಎಂದಿನಂತೆ ಉತ್ತರ ಕೊಡುತ್ತಿತ್ತು. "ನೋಡ್ರೀ, ಲೈನ್ ಬದುಕಿಯೇ ಇದೆ. ಸುಮ್ಮನೆ ಹೆದರಿಸ್ತೀರಿ," ಎಂದರು.

"ಸರ್, ಇನ್ನೂ ಸ್ವಲ್ಪ ಹೊತ್ತು ಕಾಯೋಣ. ಬರೆಸಬೇಡಿ."

ಬರೆಸಿಯೇಬಿಟ್ಟರು. ರಿಜಿಸ್ಟರಿನಲ್ಲಿ 'ಹೌದು' ಎಂದು ತಾವೇ ಬರೆದು, ಕೆಳಗೆ ಕಾಫಿಗೆ ಹೋದರು. ಮತ್ತೆರಡು ನಿಮಿಷಕ್ಕೆ ಪರದೆ ಉಸಿರು ನಿಲ್ಲಿಸಿತು. ಅಷ್ಟರಲ್ಲಿ ಮಳೆ ಶುರುವಾಗಿ ಫೋನೂ ಸತ್ತಿತ್ತು. ನಾನು ಕೂತಲ್ಲೇ ಕೂತೆ. ಈಗ ಮಾದೇವಮ್ಮ ಎಲೆ ಉಗಿಯಲು ಏಳುತ್ತಾರೆ, ಈಗ ಸ್ವಿಚ್ಚು ಆರಿಸುತ್ತಾರೆ, ಈಗ ಇಪ್ಪತ್ತು ಎಣಿಸುತ್ತಾರೆ, ಈಗ ಹಾಕುತ್ತಾರೆ. ಆದರೆ ಪೆಟ್ಟಿಗೆ ಎದ್ದು ಓದಿಕೊಳ್ಳುವುದು ಸಾಹೇಬರು ಬರೆಸಿದ ತಪ್ಪನ್ನೇ. ಮಾದೇವಮ್ಮನ ಕೈಯಲ್ಲಿ ಇನ್ನು ಏನೂ ಉಳಿದಿರಲಿಲ್ಲ.

ಮಳೆಗೆ ಆವತ್ತು ಬಸ್ಸು ಸಿಗದೆ, ಬೆಳಗಿನ ಮೊದಲ ಬಸ್ಸು ಹಿಡಿದೆ. ತೆರಕಣಾಂಬಿಯ ಹತ್ತಿರ ರಸ್ತೆಗೆ ಮರ ಬಿದ್ದು ಎರಡು ಗಂಟೆ ತಡವಾಯಿತು. ನಾನು ತಲುಪುವಷ್ಟರಲ್ಲಿ ದೊಡ್ಡ ಅಧಿಕಾರಿ ಖಾಲಿ ಪರದೆ ನೋಡಿ, ಇಂಗ್ಲಿಷಿನಲ್ಲಿ ನಾಲ್ಕು ಮಾತು ಬೈದು, ಹುಲಿ ನೋಡಲು ಬಂಡೀಪುರಕ್ಕೆ ಹೋಗಿಯಾಗಿತ್ತು. ಅವರ ಜೊತೆ ಬೇರೆ ರಸ್ತೆಯಲ್ಲಿ ಜೀಪಿನಲ್ಲಿ ಬೇಗನೇ ಬಂದಿದ್ದ ಸಾಹೇಬರು ಕೋಣೆಯ ನಡುವೆ ನಿಂತು ಮಾದೇವಮ್ಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

"ಯಾವಳೇ ನಿಂಗೆ ಸ್ವಿಚ್ ಮುಟ್ಟು ಅಂದೋಳು?"

ಮಾದೇವಮ್ಮ ನನ್ನನ್ನು ನೋಡಿದರು. ನಾನು ಪೆಟ್ಟಿಗೆಯ ಕಡೆ ನೋಡಿದೆ. ಅವರು ನನ್ನ ಹೆಸರು ಹೇಳಲಿಲ್ಲ. "ಮಳೆ ಸಿಡ್ಲಿಗೆ ಎದ್ರಿ ಆರ್ಸ್‌ಬುಟ್ಟೆ ಸ್ವಾಮಿ," ಎಂದರು. ನನ್ನನ್ನು ಕಾಪಾಡಲು ಆಡಿದ ಸುಳ್ಳು. ಆ ಸುಳ್ಳೇ ಅವರ ಕುತ್ತಿಗೆಗೆ ಬಂತು.

ಪೆಟ್ಟಿಗೆಗೆ ತಂತಿ ಚುಚ್ಚಿ ನೋಡಿದರೆ ತಪ್ಪಿದ್ದು ಒಂದೇ ಅಂಕಿ. ಎರಡು ನಿಮಿಷದಲ್ಲಿ ಸರಿಮಾಡಿದೆ. ಸರಿಮಾಡುವ ಮುಂಚೆ ಅಲ್ಲಿದ್ದ ಪ್ರಿಂಟರಿನಲ್ಲಿ ಪೆಟ್ಟಿಗೆಯ ಒಳಗಿದ್ದ ಬರಹವನ್ನು ಅಚ್ಚು ಹಾಕಿ ಇಟ್ಟುಕೊಂಡೆ. ಆರಿಸಿ ಹಾಕಿದ ಮೇಲೂ ತಪ್ಪು ಅಂಕಿ ಅಲ್ಲೇ ಇದೆ ಎಂದರೆ ಯಾರೋ ಅದನ್ನು ಬರೆಸಿಟ್ಟಿದ್ದಾರೆ ಎಂದೇ ಅರ್ಥ. ಮಾದೇವಮ್ಮನಿಗೆ ಕೀಬೋರ್ಡಿನಲ್ಲಿ ಅ ಆ ಕೂಡ ಗೊತ್ತಿಲ್ಲ. ಆರಿಸಿದ್ದರಿಂದ ಏನೂ ಕೆಡಲಿಲ್ಲ, ಬರೆಸಿದ್ದರಿಂದ ಕೆಟ್ಟಿತು. ಒಂದು ಹಾಳೆಯಲ್ಲಿ ಮುಗಿಯುವ ಸಾಕ್ಷಿ. ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದೆ.

ಮೂರನೇ ದಿನ ಸಾಹೇಬರು ವರದಿ ಟೈಪು ಮಾಡಿಸಿ ಮುಂದಿಟ್ಟರು. 'ಅಧಿಕಾರವಿಲ್ಲದ ದಿನಗೂಲಿ ನೌಕರಳು ವಿದ್ಯುತ್ ಸಂಪರ್ಕ ತಪ್ಪಿಸಿದ್ದರಿಂದ ಯಂತ್ರದ ವ್ಯವಸ್ಥೆ ಹಾಳಾಗಿರುತ್ತದೆ.' ಕೆಳಗೆ ಅವರ ಸಹಿ, ಪಕ್ಕದಲ್ಲಿ ನನ್ನ ಸಹಿಗೆ ಜಾಗ.

"ಇದು ನಿಜ ಅಲ್ಲ ಸರ್."

"ನಿಜವೋ ಅಲ್ಲವೋ, ಮೇಲಿನೋರಿಗೆ ಒಂದು ಉತ್ತರ ಕೊಡಬೇಕಲ್ಲಮ್ಮ. ಅವಳಿಗೆ ಏನಾಗುತ್ತೆ, ಒಂದು ಎಚ್ಚರಿಕೆ ಕೊಡ್ತಾರೆ ಅಷ್ಟೆ. ನಿಮ್ಮ ಪ್ರೊಬೇಷನ್ ಮುಗಿಸೋ ಫೈಲು ಕೂಡ ನನ್ನ ಟೇಬಲ್ ಮೇಲೇ ಇದೆ, ಮರೀಬೇಡಿ."

ಬೆದರಿಕೆಯನ್ನು ಅವರು ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು. ಅವರ ಮೇಲೆ ನನಗೆ ಇವತ್ತಿಗೂ ತೀರದ ಸಿಟ್ಟಿದೆ. ತಪ್ಪು ಮಾಡಿದ್ದಕ್ಕಲ್ಲ, ತಪ್ಪು ನಾನೂ ಮಾಡಿದ್ದೆ. ತಪ್ಪಾದರೆ ಹಿಂದಕ್ಕೆ ಬರುವ ಬಾಗಿಲೊಂದನ್ನು ನಾವು ತೆರೆದಿಟ್ಟಿದ್ದೆವು. ದೊಡ್ಡಸ್ತಿಕೆಗೆ ಅದನ್ನು ಮುಚ್ಚಿ, ಆಮೇಲೆ ಬಾಗಿಲು ಕಾಯುತ್ತಿದ್ದವಳ ಮೇಲೇ ಗೂಬೆ ಕೂರಿಸಿದರು. ಆದರೆ ಪೆನ್ನು ಹಿಡಿದದ್ದು ನನ್ನ ಕೈ. ಸಹಿ ಹಾಕಿದೆ. ಎರಡು ನಿಮಿಷವೂ ಯೋಚಿಸಲಿಲ್ಲ.

ಆಮೇಲೆ ಹನ್ನೊಂದು ದಿನ ನಾನು ಏನೂ ಮಾಡಲಿಲ್ಲ. ದಿನಾ ಬಸ್ಸಿನಲ್ಲಿ ಬಂದೆ, ಹೋದೆ. ಮನೆಯಲ್ಲಿ ಅವ್ವ "ಯಾಕವ್ವ ಅನ್ನ ಬುಟ್ಟೇಳ್ತಿದ್ದೀಯೆ?" ಎಂದರೆ ಹೊಟ್ಟೆ ನೋವು ಎಂದೆ. ಹನ್ನೆರಡನೇ ದಿನ ಗುಂಡ್ಲುಪೇಟೆಗೆ ಫೋನ್ ಮಾಡಿದಾಗ ಬೇರೆ ಯಾರೋ ಎತ್ತಿಕೊಂಡರು. ಮಾದೇವಮ್ಮನನ್ನು ಬಿಡಿಸಿ ನಾಲ್ಕು ದಿನವಾಗಿತ್ತು. ಎಚ್ಚರಿಕೆಯೂ ಇಲ್ಲ, ನೋಟೀಸೂ ಇಲ್ಲ. ದಿನಗೂಲಿಯನ್ನು ಬಿಡಿಸಲು ನಾಳೆಯಿಂದ ಬರಬೇಡ ಎಂಬ ಒಂದು ಮಾತು ಸಾಕು.

ಆವತ್ತು ಕೂತು ಬರೆದೆ. ಅಚ್ಚು ಹಾಕಿದ ಹಾಳೆಯನ್ನು ಜೊತೆಗಿಟ್ಟು, ಅಂಕಿಯ ಕೆಳಗೆ ಕೆಂಪು ಗೆರೆ ಎಳೆದು, ನಡೆದದ್ದನ್ನೆಲ್ಲ ನಡೆದ ಹಾಗೆಯೇ ಬರೆದು, ಸಾಹೇಬರನ್ನು ದಾಟಿ ನೇರವಾಗಿ ಬೆಂಗಳೂರಿಗೆ ಕಳಿಸಿದೆ. ಸಾಹೇಬರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು, ಪ್ರೊಬೇಷನ್ನನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿದರು. ಹಾಕಿಸಲಿ. ಬೆಂಗಳೂರಿನ ಉತ್ತರ ದೀಪಾವಳಿ ಕಳೆದ ಮೇಲೆ ಬಂತು, ಮೂರೇ ಸಾಲು. ಕಾಯಂ ಮಾಡುವ ಪಟ್ಟಿ ಈಗಾಗಲೇ ಅಂತಿಮಗೊಂಡಿದೆ. ಒಮ್ಮೆ ಸಹಿ ಮಾಡಿ ಸಲ್ಲಿಸಿದ ವರದಿಯನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲ. ನಿಮ್ಮ ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ.

ಅವಕಾಶವಿಲ್ಲವಂತೆ! ಕರೆಂಟು ಹೋದರೆ ಎಲ್ಲ ಮರೆಯುವ ತಗಡಿನ ಪೆಟ್ಟಿಗೆಗೆ ಹಿಂದಕ್ಕೆ ಬರಲು ಅವಕಾಶವಿದೆ. ಓದು ಬರಹ ಬಲ್ಲ ಇಷ್ಟು ಜನ ಸೇರಿ ಕಟ್ಟಿದ ಕಚೇರಿಗೆ ಇಲ್ಲ. ಹನ್ನೊಂದು ದಿನ ಮುಂಚೆ ಬರೆದಿದ್ದರೆ ಪಟ್ಟಿ ಅಂತಿಮವಾಗುವ ಮುಂಚೆ ತಲುಪುತ್ತಿತ್ತೋ ಏನೋ. ಆ ಸಿಟ್ಟು ಮಾತ್ರ ಬೇರೆ ಯಾರ ಮೇಲೂ ಅಲ್ಲ.

ನನ್ನ ಪತ್ರದ ನಕಲು ತೆಗೆದುಕೊಂಡು ಹಂಗಳಕ್ಕೆ ಹೋದೆ. ಮಾದೇವಮ್ಮ ಮನೆಯಲ್ಲಿರಲಿಲ್ಲ. ಊರಾಚೆಯ ಚೆಂಡುಹೂವಿನ ಹೊಲದಲ್ಲಿ ಕೂಲಿಗೆ ಹೋಗಿದ್ದರು. ಕಡೇ ಕೊಯ್ಲು. ಏಳೆಂಟು ಹೆಂಗಸರು ಬಿಸಿಲಿನಲ್ಲಿ ಬಗ್ಗಿ ಹೂವು ಬಿಡಿಸಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಮಾದೇವಮ್ಮ ಸೊಂಟ ನೆಟ್ಟಗೆ ಮಾಡಿ ನಿಂತರು. ಬನ್ನಿ ಎನ್ನಲಿಲ್ಲ.

"ತಪ್ಪಾಯ್ತು ಮಾದೇವಮ್ಮ. ನೀವು ಮಾಡಿದ್ದೇ ಸರಿ," ಎಂದೆ ಮೆಲ್ಲಗೆ.

"ಅದ್ನ ಇಲ್ ಬಂದು ನನ್ ಕಿವೀಲಿ ಯಾಕ್ ಯೋಳ್ತೀರಿ? ನಾನ್ ಮಾಡಿದ್ದು ಸರಿ ಅಂತ ನಂಗೆ ಗೊತ್ತಿಲ್ವಾ?"

"ಮೇಲಿನವರಿಗೂ ಬರೆದಿದ್ದೀನಿ. ಆದರೆ ಕೆಲಸ... ಪಟ್ಟಿ ಹೋಗಿಬಿಟ್ಟಿದೆ," ಎಂದು ಕಾಗದ ಚಾಚಿದೆ. ಅವರು ಮುಟ್ಟಲಿಲ್ಲ.

"ನಂಗೆ ಓದಕ್ ಬರಲ್ಲ. ನೀವೇ ಓದಿ. ಜೋರಾಗ್ ಓದಿ, ಇವ್ರೆಲ್ಲಾ ಕೇಳ್ಲಿ. ಸರ್ಕಾರದ ಮಿಷಿನ್ ಕೆಡಿಸ್ಬುಟ್ಟು ಬಂದವ್ಳೆ ಅಂತ ಊರೆಲ್ಲಾ ಅಂತಾವ್ರೆ."

ಉಳಿದ ಹೆಂಗಸರು ಕೈ ನಿಲ್ಲಿಸಿ ಹತ್ತಿರ ಬಂದರು. ಸಾಲಿನ ನಡುವೆ ನಿಂತು ನಾನು ಓದಿದೆ. ಮಾದೇವಮ್ಮನವರು ಸ್ವಿಚ್ಚು ಆರಿಸಿದ್ದು ಅಪ್ಪಣೆಯ ಮೇರೆಗೆ, ಅದು ಸರಿಯಾದ ಕೆಲಸ, ಯಂತ್ರ ಕೆಟ್ಟದ್ದು ಅವರಿಂದಲ್ಲ. ಮುಗಿಸಿ ಕಾಗದ ಮಡಿಸಿದೆ. ಮುದುಕಿಯೊಬ್ಬಳು "ನೋಡ್ದಾ ಮತ್ತೆ," ಎಂದಳು ಪಕ್ಕದವಳಿಗೆ.

"ಮೊದಲ್ನೇ ಸುಳ್ ಕಾಗ್ದಕ್ಕೆ ಸೈನ್ ಆಕ್ದೋರ್ ಯಾರು ಅಂತ ಅದ್ರಲ್ಲಿ ಬರ್ದಿದ್ದೀರಾ?" ಎಂದು ಕೇಳಿದರು ಮಾದೇವಮ್ಮ.

"ಬರೆದಿದ್ದೀನಿ."

"ಅದ್ನ ಓದ್ನೇ ಇಲ್ವಲ್ಲ. ಅದ್ನೂ ಓದಿ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಾಗದವನ್ನು ಮತ್ತೆ ಬಿಡಿಸಿ, ನನ್ನ ಹೆಸರನ್ನು ಜೋರಾಗಿ ಓದಿದೆ.